ಕಾಲ ಮತ್ತು ಕೆಲಸದ ಲೆಕ್ಕಗಳು

ಒಬ್ಬರೋ ಹಲವರೋ ಸೇರಿ ಒಂದು ಕೆಲಸವನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತಾರೆ, ಇಂತಿಷ್ಟು ದಿನದಲ್ಲಿ ಮುಗಿಯಬೇಕಾದರೆ ಎಷ್ಟು ಆಳು ಬೇಕು, ಎರಡು ನಲ್ಲಿ ಒಟ್ಟಿಗೆ ಬಿಟ್ಟರೆ ತೊಟ್ಟಿ ಯಾವಾಗ ತುಂಬುತ್ತದೆ ಎಂದು ಕೇಳುವ ಅಂಕಗಣಿತದ ಸಮಸ್ಯೆಗಳಿಗೆ ಕಾಲ ಮತ್ತು ಕೆಲಸದ ಲೆಕ್ಕಗಳು ಎಂದು ಹೆಸರು. ಶಾಲೆಯಲ್ಲಿ ಇವು ನೇರ ಮತ್ತು ವಿಲೋಮ ಅನುಪಾತದ ಪಾಠದ ಜೊತೆ ಬರುತ್ತವೆ. ಹೆಚ್ಚಿನವರು ಇವನ್ನು ಮತ್ತೆ ಎದುರಿಸುವುದು ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ), ಬ್ಯಾಂಕ್ ಹುದ್ದೆಗಳ ಐಬಿಪಿಎಸ್, ರೈಲ್ವೆ ನೇಮಕಾತಿ ಮಂಡಳಿ, ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಸಿಸ್ಯಾಟ್, ಐಐಎಂಗಳ ಕ್ಯಾಟ್, ವಿದೇಶಿ ವಿಶ್ವವಿದ್ಯಾಲಯಗಳಿಗೆ ಬೇಕಾಗುವ ಜಿಆರ್‌ಇ ಮತ್ತು ಜಿಮ್ಯಾಟ್ ಎಲ್ಲದರಲ್ಲೂ ಇವಕ್ಕೆ ಜಾಗವಿದೆ. ಧಾರವಾಡದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ ಕೋಚಿಂಗ್ ತರಗತಿಗೆ ಕಾಲಿಟ್ಟ ಅಭ್ಯರ್ಥಿಗೆ ಮೊದಲ ವಾರಗಳಲ್ಲೇ ಎದುರಾಗುವ ಅಧ್ಯಾಯ ಇದು.

ಅಭ್ಯರ್ಥಿಗಳ ಮೇಜಿನ ಮೇಲೆ ತಪ್ಪದೆ ಕಾಣುವ ಆರ್. ಎಸ್. ಅಗರ್‌ವಾಲ್ ಅವರ ‘ಕ್ವಾಂಟಿಟೇಟಿವ್ ಆ್ಯಪ್ಟಿಟ್ಯೂಡ್’ ಪುಸ್ತಕ ಈ ವಿಷಯವನ್ನು ಟೈಮ್ ಆ್ಯಂಡ್ ವರ್ಕ್, ಪೈಪ್ಸ್ ಆ್ಯಂಡ್ ಸಿಸ್ಟರ್ನ್ಸ್, ಚೈನ್ ರೂಲ್ ಎಂದು ಮೂರು ಅಧ್ಯಾಯಗಳಲ್ಲಿ ಹಂಚುತ್ತದೆ. ಅಭ್ಯಾಸಕ್ಕೆ ಈ ವಿಂಗಡಣೆ ಅನುಕೂಲವೇ. ಆದರೆ ಮೂರನ್ನೂ ಬೇರೆ ಬೇರೆ ವಿಷಯವೆಂದು ಕಲಿತವರು ಸೂತ್ರಗಳನ್ನೂ ಮೂರು ಪಟ್ಟು ಹೊರಬೇಕಾಗುತ್ತದೆ. ಮೂರರಲ್ಲೂ ಇರುವುದು ಒಂದೇ ವಿಚಾರ: ಕಾಲವನ್ನು ಕಾಲಕ್ಕೆ ಕೂಡಿಸಲಾಗದು, ದಿನಕ್ಕೆ ಅಥವಾ ಗಂಟೆಗೆ ಆಗುವ ಕೆಲಸವನ್ನು ಮಾತ್ರ ಕೂಡಿಸಬಹುದು.

ಹಿನ್ನೆಲೆ

ಈ ಲೆಕ್ಕಗಳಿಗೆ ಎರಡು ಸಾವಿರ ವರ್ಷದ ಇತಿಹಾಸವಿದೆ. ಆ ಇತಿಹಾಸದ ಹೆಚ್ಚಿನ ಭಾಗ ನೀರಿನದು. ಕ್ರಿ.ಶ. 1ನೆಯ ಶತಮಾನದ ಹೊತ್ತಿಗೆ ರೂಪುಗೊಂಡಿದ್ದ ಚೀನೀಯರ ‘ಒಂಬತ್ತು ಅಧ್ಯಾಯಗಳ ಗಣಿತ’ದ ಆರನೆಯ ಅಧ್ಯಾಯದಲ್ಲಿ ಒಂದು ಕೊಳಕ್ಕೆ ಐದು ಕಾಲುವೆಗಳು ನೀರು ತರುತ್ತವೆ. ಒಂದೊಂದನ್ನೇ ತೆರೆದರೆ ಕೊಳ ತುಂಬಲು ಮೊದಲನೆಯದಕ್ಕೆ ದಿನದ ಮೂರನೆಯ ಒಂದು ಭಾಗ, ಎರಡನೆಯದಕ್ಕೆ 1 ದಿನ, ಉಳಿದವಕ್ಕೆ ಕ್ರಮವಾಗಿ ಎರಡೂವರೆ, 3 ಮತ್ತು 5 ದಿನ ಬೇಕು. ಐದನ್ನೂ ಒಟ್ಟಿಗೆ ತೆರೆದರೆ 15/74 ದಿನ ಎಂಬುದು ಅಲ್ಲಿನ ಉತ್ತರ. ಗ್ರೀಕ್ ಪದ್ಯಸಂಕಲನದ 14ನೆಯ ಪುಸ್ತಕದಲ್ಲಿ 1, 2, 3, 4 ದಿನಗಳಲ್ಲಿ ತೊಟ್ಟಿ ತುಂಬಿಸುವ ನಾಲ್ಕು ಬಾಯಿಗಳ ಸಮಸ್ಯೆಯಿದೆ. ಉತ್ತರ 12/25 ದಿನ. ಅದೇ ಪುಸ್ತಕದ ಇನ್ನೊಂದು ಪದ್ಯದಲ್ಲಿ ಕಂಚಿನ ಸಿಂಹವೊಂದರ ಕಣ್ಣು, ಬಾಯಿ, ಪಾದಗಳಿಂದ ನೀರು ಚಿಮ್ಮುತ್ತದೆ.

ಕನ್ನಡ ನಾಡಿಗೆ ಈ ಕಥೆಯಲ್ಲಿ ಸ್ವಂತ ಪಾಲಿದೆ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಗ್ರಂಥದ ಆರಂಭದಲ್ಲೇ ನೃಪತುಂಗನ ಪ್ರಶಂಸೆ ಇದೆ. ಅಗೆತದ ಲೆಕ್ಕಗಳಿರುವ ಖಾತ ವ್ಯವಹಾರ ಎಂಬ ಭಾಗದಲ್ಲಿ ಒಂದು ಬಾವಿಯನ್ನು ದಿನದ 1/2, 1/3, 1/4, 1/5 ಭಾಗಗಳಲ್ಲಿ ಪ್ರತ್ಯೇಕವಾಗಿ ತುಂಬಿಸುವ ನಾಲ್ಕು ನಾಲೆಗಳು ಬರುತ್ತವೆ. ಅವುಗಳ ದಿನದ ವೇಗ 2, 3, 4, 5 ಬಾವಿ, ಕೂಡಿದರೆ 14, ಆದ್ದರಿಂದ ಕಾಲ 1/14 ದಿನ. ಮಹಾವೀರನ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ, ಯಾವ ನಾಲೆಯ ಪಾಲು ಎಷ್ಟು ಎಂದೂ ಕೇಳುತ್ತದೆ. ಇಂದಿನ ಪರೀಕ್ಷೆಗಳಲ್ಲಿ ಕೂಲಿ ಹಂಚಿಕೆಯ ಪ್ರಶ್ನೆ ಎಂದು ಬರುವುದು ಇದೇ. ಈ ಗ್ರಂಥ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊರಬಂತು.

1150ರಲ್ಲಿ ಎರಡನೆಯ ಭಾಸ್ಕರಾಚಾರ್ಯ ಬರೆದ ‘ಲೀಲಾವತಿ’ಯಲ್ಲಿ ನಾಲೆಯ ಬದಲು ಝರಿಗಳಿವೆ. ಕೊಳವನ್ನು ಒಂದು ದಿನ, ಅರ್ಧ ದಿನ, ದಿನದ ಮೂರನೆಯ ಮತ್ತು ಆರನೆಯ ಒಂದು ಭಾಗದಲ್ಲಿ ತುಂಬಿಸುವ ನಾಲ್ಕು ಝರಿಗಳನ್ನು ಏಕಕಾಲಕ್ಕೆ ಬಿಟ್ಟರೆ 1 + 2 + 3 + 6 = 12, ಅಂದರೆ ದಿನದ ಹನ್ನೆರಡನೆಯ ಒಂದು ಭಾಗ ಸಾಕು. ಆಳು, ದಿನ, ಕೂಲಿಗಳ ಲೆಕ್ಕ ಇನ್ನೊಂದು ಕವಲಿನಿಂದ ಬಂದದ್ದು. ಅದರ ಮೂಲ ತ್ರೈರಾಶಿಕ, ಅಂದರೆ ಗೊತ್ತಿರುವ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಕ್ರಮ. ಆರ್ಯಭಟ 499ರಲ್ಲಿ ತ್ರೈರಾಶಿಕವನ್ನು ಹೇಳಿದ. 628ರ ಹೊತ್ತಿಗೆ ಬ್ರಹ್ಮಗುಪ್ತ ವ್ಯಸ್ತ ತ್ರೈರಾಶಿಕ, ಪಂಚರಾಶಿಕಗಳನ್ನು ಬೇರ್ಪಡಿಸಿ ವಿವರಿಸಿದ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ‘ವ್ಯವಹಾರಗಣಿತ’ದಲ್ಲಿ ಸಹಜ ಮತ್ತು ವ್ಯಸ್ತ ತ್ರೈರಾಶಿ, ಪಂಚರಾಶಿ, ಸಪ್ತರಾಶಿಗಳು ಸಾಲಾಗಿ ಬರುತ್ತವೆ. ಚೈನ್ ರೂಲ್ ಎಂಬ ಹೊಸ ಹೆಸರಿನ ಕೆಳಗೆ ಇಂದು ಕಲಿಸುವುದು ಆ ಪಂಚರಾಶಿ, ಸಪ್ತರಾಶಿಗಳನ್ನೇ.

ಯುರೋಪಿನಲ್ಲಿ ಫಿಬೊನಾಚಿಯ ‘ಲಿಬೆರ್ ಅಬಾಚಿ’ (1202) ನೀರನ್ನು ಬಿಟ್ಟು ಮಾಂಸಕ್ಕೆ ಹೋಯಿತು. ಒಂದು ಕುರಿಯನ್ನು ಸಿಂಹ 4 ಗಂಟೆಯಲ್ಲಿ, ಚಿರತೆ 5 ಗಂಟೆಯಲ್ಲಿ, ಕರಡಿ 6 ಗಂಟೆಯಲ್ಲಿ ತಿನ್ನುತ್ತದೆ. ಮೂರೂ ಒಟ್ಟಿಗೆ ಬಾಯಿ ಹಾಕಿದರೆ? ಫಿಬೊನಾಚಿ ಭಿನ್ನರಾಶಿಗಳನ್ನು ಕೂಡಿಸಲು ಹೋಗದೆ 60 ಗಂಟೆಯ ಅವಧಿಯನ್ನು ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಸಿಂಹ 15 ಕುರಿ, ಚಿರತೆ 12, ಕರಡಿ 10, ಒಟ್ಟು 37 ಕುರಿ. ಒಂದು ಕುರಿಗೆ 60/37 ಗಂಟೆ, ಅಂದರೆ ಸುಮಾರು 1 ಗಂಟೆ 37 ನಿಮಿಷ. ಇಂದು ಯೂಟ್ಯೂಬ್ ಪಾಠಗಳಲ್ಲಿ ‘ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಟ್ರಿಕ್’ ಎಂದು ಸಾರುವ ವಿಧಾನಕ್ಕೆ ಹೀಗೆ ಎಂಟು ಶತಮಾನ ದಾಟಿದೆ.

ಮೂಲ ತತ್ತ್ವ

ಎ ಒಂದು ಕೆಲಸವನ್ನು 12 ದಿನದಲ್ಲಿ, ಬಿ ಅದನ್ನೇ 18 ದಿನದಲ್ಲಿ ಮುಗಿಸಿದರೆ ಇಬ್ಬರೂ ಸೇರಿ ಎಷ್ಟು ದಿನ? ಪಾಠ ಕಲಿಯದವರ ಕೈ ಮೊದಲು ಹೋಗುವುದು 15ರ ಕಡೆಗೆ, ಅಂದರೆ ಸರಾಸರಿಗೆ. ಆದರೆ ಎ ಒಬ್ಬನೇ 12 ದಿನದಲ್ಲಿ ಮುಗಿಸುವಾಗ ಜೊತೆಗೊಬ್ಬ ಬಂದ ಮೇಲೆ 15 ದಿನ ಹಿಡಿಯುವುದು ಹೇಗೆ? ಇಲ್ಲಿ ಕೂಡುವುದು ದಿನಗಳಲ್ಲ, ದಿನದ ಗಳಿಕೆ. ಎ ದಿನಕ್ಕೆ ಕೆಲಸದ 1/12 ಭಾಗ, ಬಿ 1/18 ಭಾಗ ಮಾಡುತ್ತಾರೆ. ಕೂಡಿದರೆ 5/36. ವ್ಯುತ್ಕ್ರಮ ತೆಗೆದುಕೊಂಡರೆ 36/5, ಅಂದರೆ 7 1/5 ದಿನ.

ಇದನ್ನೇ ಭಿನ್ನರಾಶಿಯಿಲ್ಲದೆ ಮಾಡಬಹುದು. 12 ಮತ್ತು 18ರ ಲ.ಸಾ.ಅ. 36. ಒಟ್ಟು ಕೆಲಸ 36 ಇಟ್ಟಿಗೆ ಜೋಡಿಸುವುದು ಎಂದುಕೊಂಡರೆ ಎ ದಿನಕ್ಕೆ 3, ಬಿ 2, ಇಬ್ಬರೂ ಸೇರಿ 5 ಇಟ್ಟಿಗೆ. 36ನ್ನು 5ರಿಂದ ಭಾಗಿಸಿದರೆ ಮುಗಿಯಿತು. ಒಟ್ಟು ಕೆಲಸದ ಪ್ರಮಾಣವನ್ನು ಪ್ರಶ್ನೆ ಹೇಳಿರುವುದಿಲ್ಲ, ಉತ್ತರ ಅದನ್ನು ಅವಲಂಬಿಸಿಯೂ ಇಲ್ಲ. ಆದ್ದರಿಂದ ನಮಗೆ ಅನುಕೂಲವಾದ ಸಂಖ್ಯೆಯನ್ನು ನಾವೇ ಇಟ್ಟುಕೊಳ್ಳಬಹುದು. 36ರ ಬದಲು 72 ಇಟ್ಟರೂ 180 ಇಟ್ಟರೂ ಉತ್ತರ ಒಂದೇ. ಲ.ಸಾ.ಅ. ಕೇವಲ ಅತಿ ಚಿಕ್ಕ ಅನುಕೂಲ. ಇದು ಅರ್ಥವಾಗದೆ ವಿಧಾನವನ್ನು ಮಾತ್ರ ಕಲಿತವರು ಲ.ಸಾ.ಅ. ತಪ್ಪಿಹೋಯಿತೆಂದು ಲೆಕ್ಕವನ್ನೇ ಹೊಡೆದುಹಾಕಿ ಮೊದಲಿನಿಂದ ಶುರುಮಾಡುವುದುಂಟು. ಲ.ಸಾ.ಅ. ಅಲ್ಲದ ಸಂಖ್ಯೆಯಿಂದಲೂ ಲೆಕ್ಕ ದಡ ಸೇರುತ್ತದೆ, ನಡುವೆ ಒಂದೆರಡು ಭಿನ್ನರಾಶಿ ಬರಬಹುದು ಅಷ್ಟೆ.

ಉತ್ತರ ಎಲ್ಲಿರಬೇಕು ಎಂಬುದನ್ನು ಲೆಕ್ಕ ಮಾಡುವ ಮೊದಲೇ ಹೇಳಬಹುದು. ಇಬ್ಬರೂ ಎಯಷ್ಟೇ ಚುರುಕಾಗಿದ್ದರೆ 6 ದಿನ ಸಾಕು, ಇಬ್ಬರೂ ಬಿಯಷ್ಟೇ ನಿಧಾನವಾಗಿದ್ದರೆ 9 ದಿನ ಬೇಕು. ನಿಜವಾದ ಉತ್ತರ ಈ ಎರಡರ ನಡುವೆ ಇರಲೇಬೇಕು. ಮೂವರಿದ್ದರೆ ಅರ್ಧದ ಬದಲು ಮೂರನೆಯ ಒಂದು ಭಾಗ. ಬಹು ಆಯ್ಕೆಯ ಪರೀಕ್ಷೆಯಲ್ಲಿ ಈ ಎಲ್ಲೆ ಎಷ್ಟೋ ಸೂತ್ರಗಳಿಗಿಂತ ಹೆಚ್ಚು ಉಪಕಾರಿ.

ಪ್ರಶ್ನೆಗಳ ಬಗೆ

ಮೇಲಿನ ಪ್ರಶ್ನೆಯನ್ನು ತಿರುಗಿಸಿ, ಮಡಿಸಿ, ಅರ್ಧ ಮುಚ್ಚಿಟ್ಟು ಕೇಳುವುದೇ ಪ್ರಶ್ನೆಪತ್ರಿಕೆ ತಯಾರಿಸುವವರ ಕಸುಬು. ಜೋಡಿಗಳ ಲೆಕ್ಕ ಅದರಲ್ಲಿ ಒಂದು: ಎ ಮತ್ತು ಬಿ ಸೇರಿ 10 ದಿನ, ಬಿ ಮತ್ತು ಸಿ 15 ದಿನ, ಸಿ ಮತ್ತು ಎ 12 ದಿನ. ಕೆಲಸ 60 ಎಂದಿಟ್ಟರೆ ಜೋಡಿಗಳ ವೇಗ 6, 4, 5, ಮೊತ್ತ 15. ಪ್ರತಿಯೊಬ್ಬರೂ ಎರಡು ಸಲ ಎಣಿಕೆಯಾಗಿದ್ದಾರೆ, ಆದ್ದರಿಂದ ಮೂವರ ನಿಜವಾದ ವೇಗ ಏಳೂವರೆ. ಮೂವರೂ ಸೇರಿ 8 ದಿನ. ಏಳೂವರೆಯಿಂದ ಎ ಮತ್ತು ಸಿ ಜೋಡಿಯ 5 ಕಳೆದರೆ ಬಿಯ ವೇಗ ಎರಡೂವರೆ, ಅಂದರೆ ಬಿ ಒಬ್ಬನಿಗೇ 24 ದಿನ. ಅರ್ಧ ಮಾಡುವುದನ್ನು ಮರೆತವರಿಗೆಂದೇ ಆಯ್ಕೆಗಳಲ್ಲಿ 4 ದಿನ ಕಾದಿರುತ್ತದೆ.

ನಡುವೆ ಬಿಟ್ಟುಹೋಗುವ ಲೆಕ್ಕದಲ್ಲಿ ಗಣಿತಕ್ಕಿಂತ ಓದು ಮುಖ್ಯ. ಎ 20 ದಿನದಲ್ಲಿ, ಬಿ 30 ದಿನದಲ್ಲಿ ಮುಗಿಸುವ ಕೆಲಸ. ಇಬ್ಬರೂ ಸೇರಿ ಶುರುಮಾಡಿ 5 ದಿನದ ನಂತರ ಎ ಬಿಟ್ಟುಹೋಗುತ್ತಾನೆ. ಕೆಲಸ 60, ವೇಗ 3 ಮತ್ತು 2. ಐದು ದಿನದಲ್ಲಿ 25 ಮುಗಿಯಿತು, ಉಳಿದ 35ನ್ನು ಬಿ ಹದಿನೇಳೂವರೆ ದಿನ ಮಾಡುತ್ತಾನೆ. ಒಟ್ಟು ಇಪ್ಪತ್ತೆರಡೂವರೆ ದಿನ. ಇದೇ ಪ್ರಶ್ನೆಯಲ್ಲಿ ಎ ಬಿಟ್ಟದ್ದು ಕೆಲಸ ಮುಗಿಯುವುದಕ್ಕೆ 5 ದಿನ ಮೊದಲು ಎಂದಿದ್ದರೆ ಲೆಕ್ಕವೇ ಬೇರೆ. ಕೊನೆಯ ಐದು ದಿನ ಬಿ ಒಬ್ಬನೇ 10 ಮಾಡಿದ್ದಾನೆ, ಉಳಿದ 50 ಇಬ್ಬರೂ ಸೇರಿ 10 ದಿನದಲ್ಲಿ ಆಗಿದೆ; ಒಟ್ಟು 15 ದಿನ. ಇನ್ನೊಂದು ದಾರಿಯೂ ಇದೆ. ಎ ಕೊನೆಯವರೆಗೂ ಇದ್ದಿದ್ದರೆ ಇನ್ನೂ 15 ಹೆಚ್ಚು ಮಾಡುತ್ತಿದ್ದ. 60ಕ್ಕೆ 15 ಸೇರಿಸಿ 75ನ್ನು 5ರಿಂದ ಭಾಗಿಸಿದರೂ 15 ದಿನವೇ. ಬಿಟ್ಟುಹೋದವನನ್ನು ಕೊನೆಯವರೆಗೂ ಉಳಿಸಿಕೊಂಡು ಕೆಲಸವನ್ನೇ ಹಿಗ್ಗಿಸುವ ಈ ಉಪಾಯ ಮೂರು ನಾಲ್ಕು ಜನರು ಬೇರೆ ಬೇರೆ ದಿನ ಬಿಟ್ಟುಹೋಗುವ ಉದ್ದನೆಯ ಪ್ರಶ್ನೆಗಳಲ್ಲಿ ತುಂಬ ಸಮಯ ಉಳಿಸುತ್ತದೆ.

ದಿನ ಬಿಟ್ಟು ದಿನ ಕೆಲಸ ಮಾಡುವ ಲೆಕ್ಕದಲ್ಲಿ ಕೊನೆಯ ದಿನದ ಮೇಲೆ ಕಣ್ಣಿಡಬೇಕು. 12 ಮತ್ತು 18 ದಿನದ ಎ, ಬಿ ಸರದಿಯಂತೆ ಬಂದರೆ ಕೆಲಸದ 36 ಭಾಗಗಳಲ್ಲಿ ಎರಡು ದಿನಕ್ಕೆ 5 ಭಾಗ, 14 ದಿನಕ್ಕೆ 35 ಭಾಗ. ಉಳಿದ ಒಂದು ಭಾಗ ಯಾರ ಪಾಲಿಗೆ? ಎ ಮೊದಲು ಶುರುಮಾಡಿದ್ದರೆ 15ನೆಯ ದಿನ ಅವನದು, ದಿನದ ಮೂರನೆಯ ಒಂದು ಭಾಗ ಸಾಕು. ಬಿ ಶುರುಮಾಡಿದ್ದರೆ ಅರ್ಧ ದಿನ ಬೇಕು. 7 1/5ನ್ನು ಸುಮ್ಮನೆ ಎರಡರಿಂದ ಗುಣಿಸಿದವರಿಗೆ 14 2/5 ಸಿಗುತ್ತದೆ. ಇದು ಎರಡೂ ಸರಿ ಉತ್ತರಗಳ ನಡುವೆ ಬೀಳುವ ತಪ್ಪು ಉತ್ತರ, ಆದ್ದರಿಂದ ಅಂದಾಜಿನಿಂದ ಹಿಡಿಯುವುದು ಕಷ್ಟ.

ದಕ್ಷತೆಯನ್ನು ಶೇಕಡಾದಲ್ಲಿ ಕೊಡುವ ಪ್ರಶ್ನೆ ವಿಲೋಮ ಅನುಪಾತದ ನೇರ ಪರೀಕ್ಷೆ. ಎ ಬಿಗಿಂತ ಶೇ 25ರಷ್ಟು ಹೆಚ್ಚು ದಕ್ಷ, ಬಿಗೆ 20 ದಿನ ಬೇಕು. ಎಗೆ 15 ದಿನವಲ್ಲ, 16 ದಿನ. ವೇಗ 5:4 ಇದ್ದರೆ ಕಾಲ 4:5. ವೇಗ ಶೇ 25 ಹೆಚ್ಚಿದರೆ ಕಾಲ ಇಳಿಯುವುದು ಶೇ 20 ಮಾತ್ರ. ಎ ಬಿಯ ಮೂರು ಪಟ್ಟು ದಕ್ಷನಾಗಿದ್ದು 24 ದಿನ ಮೊದಲೇ ಮುಗಿಸುತ್ತಾನೆ ಎಂಬ ರೂಪವೂ ಸಾಮಾನ್ಯ. ಕಾಲದ ಅನುಪಾತ 1:3, ವ್ಯತ್ಯಾಸ ಎರಡು ಪಾಲು, ಒಂದು ಪಾಲು 12. ಎಗೆ 12, ಬಿಗೆ 36, ಸೇರಿದರೆ 9 ದಿನ.

ಕೂಲಿಯನ್ನು ಮಾಡಿದ ಕೆಲಸಕ್ಕೆ ತಕ್ಕಂತೆ ಹಂಚುವುದು ಈ ಲೆಕ್ಕಗಳ ರೂಢಿ. ಎ 10 ದಿನದಲ್ಲಿ, ಬಿ 15 ದಿನದಲ್ಲಿ ಮುಗಿಸುವ ಕೆಲಸ ಸಿಯ ನೆರವಿನಿಂದ 5 ದಿನದಲ್ಲಿ ಮುಗಿದು 9,000 ರೂಪಾಯಿ ಬಂದರೆ, ವೇಗಗಳು 3, 2, 1; ಹಂಚಿಕೆ 4,500, 3,000, 1,500.

ತೊಟ್ಟಿ ಮತ್ತು ಕೊಳಾಯಿ

ನೀರಿನ ಲೆಕ್ಕದಲ್ಲಿ ಹೊಸದಾಗಿ ಬರುವುದು ಋಣ ವೇಗ ಒಂದೇ. ಜನರ ಲೆಕ್ಕದಲ್ಲಿ ಒಬ್ಬ ಕಟ್ಟಿದ ಗೋಡೆಯನ್ನು ಇನ್ನೊಬ್ಬ ಕೆಡವುವ ಪ್ರಶ್ನೆ ಅಪರೂಪ. ತೊಟ್ಟಿಗೆ ತೂತು ಇರುವುದು ಸಹಜ. 8 ಗಂಟೆಯಲ್ಲಿ ತುಂಬಬೇಕಾದ ತೊಟ್ಟಿ ತಳದ ಸೋರಿಕೆಯಿಂದ 10 ಗಂಟೆ ಹಿಡಿಯಿತು. ತೊಟ್ಟಿ 40 ಎಂದಿಟ್ಟರೆ ಕೊಳಾಯಿಯ ವೇಗ 5, ಸೋರಿಕೆ ಸೇರಿದ ವೇಗ 4, ಆದ್ದರಿಂದ ಸೋರಿಕೆ 1. ತುಂಬಿದ ತೊಟ್ಟಿ ಆ ಸೋರಿಕೆಯೊಂದರಿಂದಲೇ ಖಾಲಿಯಾಗಲು 40 ಗಂಟೆ.

ಒಂದು ಬಲೆ ಮಾತ್ರ ತೊಟ್ಟಿಗೇ ವಿಶಿಷ್ಟ. 4 ಗಂಟೆಯಲ್ಲಿ ತುಂಬಿಸುವ ಕೊಳಾಯಿಯನ್ನೂ 5 ಗಂಟೆಯಲ್ಲಿ ಖಾಲಿ ಮಾಡುವ ಕೊಳಾಯಿಯನ್ನೂ ಗಂಟೆಗೊಂದರಂತೆ ಸರದಿಯಲ್ಲಿ ತೆರೆದರೆ ತೊಟ್ಟಿ ಯಾವಾಗ ತುಂಬುತ್ತದೆ? ತೊಟ್ಟಿ 20, ಒಂದು ಗಂಟೆಗೆ 5 ಏರಿಕೆ, ಮರು ಗಂಟೆಗೆ 4 ಇಳಿಕೆ, ಎರಡು ಗಂಟೆಗೆ ಉಳಿಯುವುದು 1. ಹಾಗಾಗಿ 40 ಗಂಟೆ ಎಂದು ಬರೆದವರು ಅಂಕ ಕಳೆದುಕೊಳ್ಳುತ್ತಾರೆ. 30 ಗಂಟೆಗೆ ಮಟ್ಟ 15 ಮುಟ್ಟುತ್ತದೆ, 31ನೆಯ ಗಂಟೆಯಲ್ಲಿ ಇನ್ನು 5 ಬಂದು ತೊಟ್ಟಿ ತುಂಬಿಯೇ ಹೋಗುತ್ತದೆ. ತುಂಬಿದ ಮೇಲೆ ಇಳಿಕೆಯ ಸರದಿ ಬರುವುದೇ ಇಲ್ಲ.

ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ಪಠ್ಯದಲ್ಲಿ ಹಲವು ವರ್ಷ ಇದ್ದ ಒಂದು ಅಭ್ಯಾಸ ವರ್ಗ ಸಮೀಕರಣದ ಮೂಲಕ ಸಾಗುತ್ತದೆ. ಎರಡು ನಲ್ಲಿಗಳು ಸೇರಿ 9 3/8 ಗಂಟೆಯಲ್ಲಿ ತೊಟ್ಟಿ ತುಂಬಿಸುತ್ತವೆ, ದೊಡ್ಡದಕ್ಕೆ ಚಿಕ್ಕದಕ್ಕಿಂತ 10 ಗಂಟೆ ಕಡಿಮೆ ಸಾಕು. ಉತ್ತರ 15 ಮತ್ತು 25 ಗಂಟೆ. ತರಗತಿಯಲ್ಲಿ ಸಮೀಕರಣ ಬರೆದು ಬಿಡಿಸಬೇಕು. ಆಯ್ಕೆಗಳಿರುವ ಪರೀಕ್ಷೆಯಲ್ಲಿ ಸಮೀಕರಣದ ಗೊಡವೆ ಬೇಡ. ಆಯ್ಕೆಗಳನ್ನೇ ಹಾಕಿ ನೋಡಿದರೆ ಬೇಗ ಮುಗಿಯುತ್ತದೆ.

ಆಳು, ದಿನ, ಗಂಟೆ

ಸಪ್ತರಾಶಿಯ ಇಂದಿನ ರೂಪ ಇಂಥದು: 15 ಜನ ದಿನಕ್ಕೆ 8 ಗಂಟೆಯಂತೆ 12 ದಿನದಲ್ಲಿ 60 ಮೀಟರ್ ಕಾಲುವೆ ತೋಡಿದರೆ, 20 ಜನ ದಿನಕ್ಕೆ 6 ಗಂಟೆಯಂತೆ 100 ಮೀಟರ್ ತೋಡಲು ಎಷ್ಟು ದಿನ? ಜನ, ಗಂಟೆ, ದಿನ ಮೂರನ್ನೂ ಗುಣಿಸಿದರೆ 1,440 ಆಳು-ಗಂಟೆ, ಮೀಟರಿಗೆ 24. ನೂರು ಮೀಟರಿಗೆ 2,400 ಆಳು-ಗಂಟೆ, ಹೊಸ ತಂಡ ದಿನಕ್ಕೆ 120 ಕೊಡುತ್ತದೆ, 20 ದಿನ. ಯಾವುದು ಅಂಶಕ್ಕೆ, ಯಾವುದು ಛೇದಕ್ಕೆ ಎಂದು ಬಾಣ ಗುರುತು ಹಾಕಿ ಕಲಿಸುವ ಪದ್ಧತಿ ಇದೆ. ಮೀಟರಿಗೆ ಎಷ್ಟು ಆಳು-ಗಂಟೆ ಎಂದು ನಡುವೆ ಒಮ್ಮೆ ನಿಂತು ಕೇಳಿಕೊಂಡರೆ ಬಾಣಗಳ ಅಗತ್ಯವೇ ಬೀಳುವುದಿಲ್ಲ. ನರೇಗಾದ ಲೆಕ್ಕಪತ್ರಗಳಲ್ಲಿ ‘ಮಾನವ ದಿನ’ ಎಂದು ಬರೆಯುವುದೂ ಇದೇ ಬಗೆಯ ಮಾನ.

ದಾಸ್ತಾನಿನ ಲೆಕ್ಕವೂ ಇದೇ ಜಾತಿಯದು. ಹಾಸ್ಟೆಲಿನಲ್ಲಿ 120 ವಿದ್ಯಾರ್ಥಿಗಳಿಗೆ 30 ದಿನಕ್ಕಾಗುವಷ್ಟು ಅಕ್ಕಿ ಇದೆ; 10 ದಿನದ ನಂತರ 40 ಜನ ಹೊಸಬರು ಬಂದರೆ ಉಳಿದದ್ದು 2,400 ಊಟದ ದಿನ, 160 ಜನಕ್ಕೆ 15 ದಿನ.

ಗಂಡಸರು, ಹೆಂಗಸರು, ಮಕ್ಕಳು ಸೇರಿದ ಪ್ರಶ್ನೆಗಳು ಹಳೆಯ ಕೈಪಿಡಿಗಳಿಂದ ಇಂದಿನ ಪ್ರಶ್ನೆಪತ್ರಿಕೆಗಳವರೆಗೆ ಉಳಿದುಬಂದಿವೆ. ಮೂವರು ಗಂಡಸರ ಕೆಲಸ ಐವರು ಹೆಂಗಸರ ಕೆಲಸಕ್ಕೆ ಸಮ ಎಂಬಂಥ ಸಮೀಕರಣ ಅವುಗಳ ತಿರುಳು. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ನೇಮಕಾತಿಯ ಪ್ರಶ್ನೆಗಳು ಅದನ್ನು ಗಮನಿಸಿದಂತೆ ಕಾಣುವುದಿಲ್ಲ, ಮಕ್ಕಳ ದುಡಿಮೆಯನ್ನಂತೂ ಯಾವ ಸಂಕೋಚವೂ ಇಲ್ಲದೆ ಲೆಕ್ಕಕ್ಕೆ ಹಿಡಿಯುತ್ತವೆ. ಯಂತ್ರ ಎ, ಯಂತ್ರ ಬಿ ಎಂದು ಬದಲಾಯಿಸಿದರೆ ಗಣಿತಕ್ಕೆ ಏನೂ ನಷ್ಟವಿಲ್ಲ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ಪುಸ್ತಕದಲ್ಲಿ ಹಲವು ವರ್ಷ ಇದ್ದ ಕಸೂತಿ ಲೆಕ್ಕ ಈ ಸಾಲಿನಲ್ಲಿ ಅಪವಾದ. 2 ಹೆಂಗಸರು 5 ಗಂಡಸರು ಸೇರಿ 4 ದಿನದಲ್ಲಿ, 3 ಹೆಂಗಸರು 6 ಗಂಡಸರು ಸೇರಿ 3 ದಿನದಲ್ಲಿ ಒಂದೇ ಕಸೂತಿ ಮುಗಿಸುತ್ತಾರೆ. ಕೆಲಸ ಎರಡರಲ್ಲೂ ಒಂದೇ ಆದ್ದರಿಂದ 8 ಹೆಂಗಸು + 20 ಗಂಡಸು = 9 ಹೆಂಗಸು + 18 ಗಂಡಸು; ಅಂದರೆ ಒಬ್ಬ ಹೆಂಗಸು ಇಬ್ಬರು ಗಂಡಸರಿಗೆ ಸಮ. ಆಕೆಗೆ 18 ದಿನ, ಅವನಿಗೆ 36 ದಿನ. ಎರಡು ಸಮೀಕರಣಗಳನ್ನು ಪೂರ್ತಿ ಬಿಡಿಸದೆ ಹೀಗೆ ಕೆಲಸವನ್ನೇ ಸಮವಾಗಿಡುವುದು ಈ ಬಗೆಯ ಎಲ್ಲ ಪ್ರಶ್ನೆಗಳಿಗೂ ಹೊಂದುವ ದಾರಿ.

ಬೆಳೆಯುವ ಕೆಲಸ

ಇದುವರೆಗಿನ ಎಲ್ಲ ಲೆಕ್ಕಗಳಲ್ಲೂ ಕೆಲಸ ಇದ್ದಷ್ಟೇ ಇರುತ್ತದೆ. ಮಾಡುತ್ತಿರುವಾಗಲೇ ಕೆಲಸ ಬೆಳೆದರೆ? ಐಸಾಕ್ ನ್ಯೂಟನ್‌ನ ಬೀಜಗಣಿತದ ಪಾಠಗಳಿಂದ ರೂಪುಗೊಂಡು 1707ರಲ್ಲಿ ಪ್ರಕಟವಾದ ‘ಅರಿತ್ಮೆಟಿಕಾ ಯೂನಿವರ್ಸಾಲಿಸ್’ನಲ್ಲಿ ಹುಲ್ಲುಗಾವಲಿನ ಸಮಸ್ಯೆಯೊಂದಿದೆ. 12 ಎತ್ತುಗಳು 3 1/3 ಎಕರೆ ಹುಲ್ಲನ್ನು 4 ವಾರದಲ್ಲಿ, 21 ಎತ್ತುಗಳು 10 ಎಕರೆಯನ್ನು 9 ವಾರದಲ್ಲಿ ಮೇಯುತ್ತವೆ. 24 ಎಕರೆಯನ್ನು 18 ವಾರದಲ್ಲಿ ಮೇಯಲು ಎಷ್ಟು ಎತ್ತು ಬೇಕು? ಹುಲ್ಲು ಈ ನಡುವೆ ಒಂದೇ ಸಮನೆ ಬೆಳೆಯುತ್ತಿರುತ್ತದೆ.

ಒಂದು ಎತ್ತು ಒಂದು ವಾರದಲ್ಲಿ ತಿನ್ನುವುದನ್ನು ಒಂದು ಹೊರೆ ಎನ್ನೋಣ. ಮೊದಲ ಹೊಲದಲ್ಲಿ 48 ಹೊರೆ ಹೋಯಿತು, ಎಕರೆಗೆ 14.4. ಇದರಲ್ಲಿ ಮೊದಲೇ ಇದ್ದ ಹುಲ್ಲಿನ ಜೊತೆ 4 ವಾರದ ಬೆಳವಣಿಗೆ ಸೇರಿದೆ. ಎರಡನೆಯದರಲ್ಲಿ 189 ಹೊರೆ, ಎಕರೆಗೆ 18.9, ಇದರಲ್ಲಿ 9 ವಾರದ ಬೆಳವಣಿಗೆ ಇದೆ. ಐದು ವಾರದ ಅಂತರಕ್ಕೆ 4.5 ಹೆಚ್ಚಾದ್ದರಿಂದ ವಾರಕ್ಕೆ ಎಕರೆಗೆ 0.9 ಬೆಳೆಯುತ್ತದೆ, ಆರಂಭದಲ್ಲಿ ಇದ್ದದ್ದು 10.8. 18 ವಾರಕ್ಕೆ ಎಕರೆಗೆ 10.8 + 16.2 = 27; 24 ಎಕರೆಗೆ 648 ಹೊರೆ; 18 ವಾರಕ್ಕೆ ಹಂಚಿದರೆ 36 ಎತ್ತುಗಳು.

ಟಿಕೆಟ್ ಕೌಂಟರಿನ ಮುಂದೆ ಬೆಳೆಯುತ್ತಿರುವ ಸಾಲನ್ನು ಎಷ್ಟು ಕಿಟಕಿಗಳು ಎಷ್ಟು ಹೊತ್ತಿನಲ್ಲಿ ಕರಗಿಸುತ್ತವೆ, ನೀರು ನುಗ್ಗುತ್ತಿರುವ ದೋಣಿಯನ್ನು ಎಷ್ಟು ಜನ ಬರಿದು ಮಾಡುತ್ತಾರೆ ಎಂಬ ಕಠಿಣ ದರ್ಜೆಯ ಪ್ರಶ್ನೆಗಳೆಲ್ಲ ಈ ಹೊಲದಿಂದ ಬಂದವು. ನನ್ನ ಮಟ್ಟಿಗೆ ಈ ಇಡೀ ವರ್ಗದಲ್ಲಿ ಯೋಚನೆಯನ್ನು ನಿಜವಾಗಿ ಬೇಡುವ ಸಮಸ್ಯೆ ಇದೊಂದೇ.

ಪರೀಕ್ಷೆಯ ಕೊಠಡಿಯಲ್ಲಿ

ಎಸ್‌ಎಸ್‌ಸಿ ಪದವಿ ಮಟ್ಟದ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 25 ಗಣಿತ. ಐಬಿಪಿಎಸ್ ಪಿಒ ಪೂರ್ವಭಾವಿಯಲ್ಲಿ ಗಣಿತದ 35 ಪ್ರಶ್ನೆಗೆ 20 ನಿಮಿಷ, ಅಂದರೆ ಪ್ರಶ್ನೆಗೆ ಸರಾಸರಿ 34 ಸೆಕೆಂಡು. ಕ್ಯಾಲ್ಕುಲೇಟರ್ ಇಲ್ಲ. ಜಿಆರ್‌ಇ ಮತ್ತು ಕ್ಯಾಟ್‌ನಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಸಿಗುತ್ತದೆ, ಜಿಮ್ಯಾಟ್‌ನ ಗಣಿತ ಭಾಗದಲ್ಲಿ ಸಿಗುವುದಿಲ್ಲ. ಈ ವೇಗದಲ್ಲಿ ಲೆಕ್ಕವನ್ನು ಪೂರ್ತಿ ಬಿಡಿಸುವುದಕ್ಕಿಂತ ಆಗದ ಆಯ್ಕೆಗಳನ್ನು ಹೊಡೆದುಹಾಕುವುದೇ ಎಷ್ಟೋ ಸಲ ಸಾಕು. 12 ಮತ್ತು 18 ದಿನದ ಪ್ರಶ್ನೆಗೆ 5, 7 1/5, 10, 15 ಎಂಬ ಆಯ್ಕೆಗಳಿದ್ದರೆ ಆರರಿಂದ ಒಂಬತ್ತರ ನಡುವೆ ಬೀಳುವುದು ಒಂದೇ.

ಆಯ್ಕೆ ಕಳೆಯುವುದರ ಬೆಲೆ ಋಣಾಂಕ ಪದ್ಧತಿಯಲ್ಲಿ ಸ್ಪಷ್ಟವಾಗುತ್ತದೆ. ಸಿಸ್ಯಾಟ್‌ನಲ್ಲಿ ನಾಲ್ಕು ಆಯ್ಕೆ, ತಪ್ಪಿಗೆ ಮೂರನೆಯ ಒಂದು ಭಾಗ ಕಡಿತ. ಬ್ಯಾಂಕ್ ಪರೀಕ್ಷೆಯಲ್ಲಿ ಐದು ಆಯ್ಕೆ, ಕಾಲು ಭಾಗ ಕಡಿತ. ಎರಡರಲ್ಲೂ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಸೊನ್ನೆ. ಅದಕ್ಕೆಂದೇ ಆ ಪ್ರಮಾಣ. ಒಂದೇ ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೂ ತಕ್ಕಡಿ ಅಭ್ಯರ್ಥಿಯ ಕಡೆ ವಾಲುತ್ತದೆ. 2015ರಿಂದ ಸಿಸ್ಯಾಟ್‌ನಲ್ಲಿ ಶೇ 33 ಬಂದರೆ ಸಾಕೆಂಬ ನಿಯಮವಿದೆ. ಆದರೂ ಗಣಿತವನ್ನು ಹತ್ತನೆಯ ತರಗತಿಗೇ ಬಿಟ್ಟುಬಂದವರಿಗೆ ಆ ಹೊಸ್ತಿಲೂ ಎತ್ತರವೇ.

ಸೂತ್ರಗಳ ಬಗ್ಗೆ ಒಂದು ಮಾತು. ಇಬ್ಬರೂ ಸೇರಿದಾಗ ಹಿಡಿಯುವ ಕಾಲಕ್ಕಿಂತ ಎ ಒಬ್ಬನಿಗೆ 9 ದಿನ, ಬಿ ಒಬ್ಬನಿಗೆ 16 ದಿನ ಹೆಚ್ಚು ಬೇಕಾದರೆ, 9 ಮತ್ತು 16ರ ಗುಣಲಬ್ಧದ ವರ್ಗಮೂಲ 12 ದಿನವೇ ಸೇರಿದ ಕಾಲ. ಎಗೆ 21, ಬಿಗೆ 28. ತಾಳೆ ನೋಡಿದರೆ ಸರಿಯಾಗುತ್ತದೆ. ಇದು ಚೆಲುವಾದ ಫಲಿತಾಂಶ, ನೆನಪಿಡಲು ಯೋಗ್ಯ, ಏಕೆಂದರೆ ಅದನ್ನು ಮೊದಲಿನಿಂದ ಸಾಧಿಸಲು ಎರಡು ನಿಮಿಷ ಬೇಕು. ಇಬ್ಬರಿಗೆ ಗುಣಲಬ್ಧವನ್ನು ಮೊತ್ತದಿಂದ ಭಾಗಿಸು ಎಂಬ ಸೂತ್ರದ ವಿಷಯ ಬೇರೆ. ಅದು ಮೂವರಿಗೆ ಹೊಂದುವುದಿಲ್ಲ, ಹೊಂದುವುದೆಂದು ನಂಬಿ ಮೂರು ಸಂಖ್ಯೆಗಳನ್ನು ಗುಣಿಸಿ ಮೊತ್ತದಿಂದ ಭಾಗಿಸುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. 4, 5, 6ಕ್ಕೆ ಹಾಗೆ ಮಾಡಿದರೆ 8 ಬರುತ್ತದೆ. ಫಿಬೊನಾಚಿಯ ಮೂರು ಪ್ರಾಣಿ ಸೇರಿ ಸಿಂಹವೊಂದಕ್ಕಿಂತ ನಿಧಾನವಾಗಿ ಕುರಿ ತಿಂದ ಹಾಗೆ.

ಮಾದರಿಯ ಮಿತಿ

ಈ ಲೆಕ್ಕಗಳು ಮೂರು ವಿಷಯಗಳನ್ನು ಹೇಳದೆಯೇ ಒಪ್ಪಿಕೊಂಡಿರುತ್ತವೆ: ವೇಗ ದಿನದಿಂದ ದಿನಕ್ಕೆ ಬದಲಾಗದು, ಒಬ್ಬರ ವೇಗಕ್ಕೆ ಇನ್ನೊಬ್ಬರು ಅಡ್ಡಿಯಾಗರು, ಕೆಲಸವನ್ನು ಎಷ್ಟು ಚೂರಾಗಿಯಾದರೂ ಹಂಚಬಹುದು. ಕೆನಡಾದ ಹಾಸ್ಯ ಬರಹಗಾರ ಸ್ಟೀಫನ್ ಲೀಕಾಕ್ 1910ರ ‘ಲಿಟರರಿ ಲ್ಯಾಪ್ಸಸ್’ ಸಂಕಲನದಲ್ಲಿ ಈ ಎ, ಬಿ, ಸಿಗಳನ್ನೇ ಪಾತ್ರಗಳನ್ನಾಗಿ ಮಾಡಿದ. ಬಲಶಾಲಿ ಎ, ಅವನಿಗೆ ಅಂಜುವ ಬಿ, ಪುಸ್ತಕದಿಂದ ಪುಸ್ತಕಕ್ಕೆ ಹಳ್ಳ ತೋಡಿ, ನೀರು ಹೊತ್ತು ಬಳಲಿದ ಬಡಕಲು ಸಿ. ಕೊನೆಗೆ ಸಿ ಸತ್ತೇ ಹೋಗುತ್ತಾನೆ.

ಐಬಿಎಂನ ಓಎಸ್/360 ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದೇ ವಿಷಯವನ್ನು ನಗೆಯಿಲ್ಲದೆ ವಾದಿಸಿದ. ತಡವಾದ ಸಾಫ್ಟ್‌ವೇರ್ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ, ಏಕೆಂದರೆ ಹೊಸಬರಿಗೆ ಕಲಿಸಲು ಹಳಬರ ಹೊತ್ತು ಹೋಗುತ್ತದೆ, ಪರಸ್ಪರ ಮಾತುಕತೆಯ ಹೊರೆಯೂ ಏರುತ್ತದೆ. 5 ಜನರಲ್ಲಿ 10 ಜೋಡಿ ಸಂಪರ್ಕಗಳಾದರೆ 10 ಜನರಲ್ಲಿ 45. ಗಣಕದ ವಿಷಯದಲ್ಲಿ ಜೀನ್ ಆಮ್ಡಾಲ್ 1967ರಲ್ಲೇ ಇದಕ್ಕೆ ಹತ್ತಿರದ ಮಿತಿಯನ್ನು ಮುಂದಿಟ್ಟಿದ್ದ. ಕೆಲಸದ ಹತ್ತನೆಯ ಒಂದು ಭಾಗವನ್ನು ಹಂಚಲಾಗದಿದ್ದರೆ, ಸಾವಿರ ಪ್ರೊಸೆಸರ್‌ಗಳನ್ನು ಜೋಡಿಸಿದರೂ ವೇಗ ಹತ್ತು ಪಟ್ಟನ್ನು ಮೀರದು. ಪರೀಕ್ಷೆಯ ಎ ಮತ್ತು ಬಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ 36 ಇಟ್ಟಿಗೆಯನ್ನು 5ರಿಂದ ಭಾಗಿಸಿದರೆ ಇಂದಿಗೂ 7 1/5 ದಿನವೇ.